ಬೇಲೂರಿನಲ್ಲಿ ಕೆಟ್ಟ ನನ್ನ ಗಂಟಲು

ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ನನಗೆ ಇಂಗ್ಲಿಷ್ ಮಾತನಾಡಲು ಬರುವುದಿಲ್ಲ. ಈ ಮಾತನ್ನು ಪಿಂಚಣಿ ಶುರುವಾದ ಮೇಲೆ ಹೇಳುತ್ತಿದ್ದೇನೆ ಎಂಬುದರಲ್ಲೇ ನನ್ನ ಧೈರ್ಯ ಎಷ್ಟರದು ಎಂದು ಗೊತ್ತಾಗುತ್ತದೆ.

ಓದಲು ಬರುತ್ತದೆ, ಬರೆಯಲೂ ಬರುತ್ತದೆ. ಬೇರೆಯವರ ಇಂಗ್ಲಿಷಿನಲ್ಲಿ ತಪ್ಪು ಹುಡುಕುವುದಂತೂ ನನಗೆ ನೀರು ಕುಡಿದಷ್ಟು ಸುಲಭ. ಸಹೋದ್ಯೋಗಿಗಳು ರಜೆ ಅರ್ಜಿ ಬರೆದರೂ ನನ್ನ ಕೈಗೆ ಕೊಟ್ಟು ತಿದ್ದಿಸಿಕೊಳ್ಳುತ್ತಿದ್ದರು. ಆದರೆ ಎದುರಿಗಿದ್ದವರಿಗೆ ಬಾಯಿ ತೆರೆದು ಒಂದು ವಾಕ್ಯ ಹೇಳು ಎಂದರೆ ನನ್ನ ನಾಲಗೆ ಏಳುತ್ತಿರಲಿಲ್ಲ. ತಪ್ಪಾದರೆ ಎಂಬ ಭಯ. ತಪ್ಪು ಹುಡುಕುವವನಿಗೆ ಈ ಭಯ ಉಳಿದವರಿಗಿಂತ ಹೆಚ್ಚು.

ನಾನು ಓದಿದ್ದು ಅರಸೀಕೆರೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಬಿ.ಎ.ಯಲ್ಲಿ ತೆಗೆದುಕೊಂಡದ್ದು ಇತಿಹಾಸ. ಹಳೇಬೀಡು ಸೀಮೆಯ ಒಂದು ಹಳ್ಳಿ ಹೈಸ್ಕೂಲಿಗೆ ಕೆಲಸಕ್ಕೆ ಸೇರಿದಾಗ ಅಲ್ಲಿ ಇಂಗ್ಲಿಷ್ ಮೇಷ್ಟ್ರ ಜಾಗ ಖಾಲಿ ಇತ್ತು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ನೋಡಿ, ಹೊಸಬನಾದ ನನ್ನ ಮೇಲೆ ಕಣ್ಣು ನಿಲ್ಲಿಸಿ, "ಅಡ್ಜಸ್ಟ್ ಮಾಡ್ಕಳಿ ಸಾರ್, ಯಾರಾದ್ರೂ ಬರೋವರ್ಗೂ" ಎಂದರು. ಯಾರೂ ಬರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ನಾನೇ ಇಂಗ್ಲಿಷ್ ಮೇಷ್ಟ್ರಾದೆ.

ಪಾಠದ ಒಂದು ಸಾಲು ಓದುವುದು, ಅದಕ್ಕೆ ಕನ್ನಡದಲ್ಲಿ ಅರ್ಥ ಹೇಳುವುದು, ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಅದನ್ನು ಬರೆದುಕೊಂಡು ಉರು ಹೊಡೆಯುವುದು. ಇಷ್ಟೇ ನಮ್ಮ ಇಂಗ್ಲಿಷ್. ಫಲಿತಾಂಶವೇನೂ ಕೆಟ್ಟದಾಗಿ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಯಾರೂ ಬಾಯಿ ತೆರೆಯಬೇಕಾಗಿರಲಿಲ್ಲವಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಅರಸೀಕೆರೆಯಲ್ಲಿ ನಮಗೊಂದು ತರಬೇತಿ ಇಟ್ಟರು. ಮಕ್ಕಳಿಗೆ ಇಂಗ್ಲಿಷ್ ಮಾತನಾಡಿಸಬೇಕು, ಅದಕ್ಕೆ ಮಲ್ಟಿಮೀಡಿಯಾ ಬಳಸಬೇಕು ಎಂಬುದು ವಿಷಯ. ಪಕ್ಕದಲ್ಲಿ ಕೂತಿದ್ದ ಹಿರಿಯ ಮೇಷ್ಟ್ರೊಬ್ಬರು, "ಇದೇನ್ರೀ ಇದು, ಟಾನಿಕ್ಕಿನ ಹೆಸರಿದ್ದಂಗೈತೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ತರಬೇತಿ ಕೊಡಲು ಬಂದಿದ್ದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದು ಟೇಪ್‌ರೆಕಾರ್ಡರ್, ಒಂದು ಟಿ.ವಿ. ಇಟ್ಟುಕೊಂಡು ಎರಡು ದಿನ ಚೆನ್ನಾಗಿಯೇ ಹೇಳಿಕೊಟ್ಟಳು. ಮೊದಲು ಕ್ಯಾಸೆಟ್ ಕೇಳಿಸಿ, ಮಕ್ಕಳಿಂದ ಹೇಳಿಸಿ. ಆಮೇಲೆ ಟೇಪ್ ನಿಲ್ಲಿಸಿ ನೀವು ಒಬ್ಬೊಬ್ಬರನ್ನೇ ಮಾತನಾಡಿಸಿ, ಮನೆಯ ವಿಷಯ ಕೇಳಿ, ತಪ್ಪಾದರೂ ಬಿಡಿ, ಟೇಪ್ ನಿಲ್ಲಿಸಿದ ಮೇಲೆ ನಡೆಯುವುದೇ ನಿಜವಾದ ಪಾಠ ಎಂದಳು. ನನ್ನ ನೋಟ್ ಪುಸ್ತಕದಲ್ಲಿ ಮೊದಲ ಅರ್ಧ ಮಾತ್ರ ಬರೆದುಕೊಂಡೆ. ಮಿಕ್ಕದ್ದು ನನಗೆ ಬೇಡವಾಗಿತ್ತು. ನನ್ನ ಬದಲಿಗೆ ಮಾತನಾಡುವ ಒಂದು ಪೆಟ್ಟಿಗೆ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿ ಹೋಗಿದ್ದೆ.

ಶಾಲೆಗೊಂದು ಟೇಪ್‌ರೆಕಾರ್ಡರ್, ಆರು ಕ್ಯಾಸೆಟ್ಟು ಬಂದವು. ಅದರಲ್ಲಿ ಒಬ್ಬ ಹೆಂಗಸು ಒಂದು ವಾಕ್ಯ ಹೇಳುತ್ತಿದ್ದಳು. ನಂತರ ಟಿಂಗ್ ಎಂದು ಒಂದು ಗಂಟೆ. ಗಂಟೆಯಾದ ಮೇಲೆ ಅಷ್ಟೇ ಹೊತ್ತು ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ನನ್ನ ನಲವತ್ತೈದು ಮಕ್ಕಳು ಒಟ್ಟಿಗೆ ಬಾಯಿ ತೆರೆಯುತ್ತಿದ್ದರು. ಗಂಟೆ ಬಡಿಯುವುದೇ ತಡ, ಹೆಂಚು ಹಾರಿಹೋಗುವ ಹಾಗೆ, "ಐ ಗೋ ಟು ಸ್ಕೂಲ್ ಎವೆರಿ ಡೇ!" ಹೊರಗೆ ಹೊಲದಲ್ಲಿ ರಾಗಿ ಕಳೆ ತೆಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡುತ್ತಿದ್ದರು. ನಾನು ಎದೆ ಉಬ್ಬಿಸಿಕೊಂಡು ಕಿಟಕಿಯ ಪಕ್ಕ ನಿಲ್ಲುತ್ತಿದ್ದೆ.

ಒಂದು ವಾರ ಕರೆಂಟಿಲ್ಲದೆ ಟೇಪನ್ನು ಸೆಲ್ಲಿನ ಮೇಲೆ ಓಡಿಸಬೇಕಾಯಿತು. ಸೆಲ್ಲು ಇಳಿದು ಆ ಹೆಂಗಸಿನ ದನಿ ನಿಧಾನವಾಗಿ, ದಪ್ಪವಾಗಿ, ಕೊನೆಗೆ ಗಂಡಸಿನ ದನಿಯೇ ಆಗಿಹೋಯಿತು. ಮಕ್ಕಳು ಮುಖ ಗಂಟಿಕ್ಕಿಕೊಂಡು ಅದೇ ದಪ್ಪ ದನಿಯಲ್ಲಿ, ಅದೇ ನಿಧಾನದಲ್ಲಿ, "ಐ... ಗೋ... ಟೂ... ಸ್ಕೂ...ಲ್" ಎಂದರು. ಒಬ್ಬರೂ ನಗಲಿಲ್ಲ. ಇಂಗ್ಲಿಷ್ ಹಾಗೂ ಇರಬಹುದು ಎಂದುಕೊಂಡಿದ್ದರು. ಆ ದಿನವೇ ನನಗೆ ಬುದ್ಧಿ ಬರಬೇಕಾಗಿತ್ತು. ಹೊಸ ಸೆಲ್ಲು ತರಿಸಿ ಹಾಕಿದೆ, ಅಷ್ಟೆ.

ಸ್ವಲ್ಪ ವರ್ಷಕ್ಕೆ ಟಿ.ವಿ.ಯೂ ಸಿ.ಡಿ. ಪ್ಲೇಯರೂ ಬಂದವು. ಪರದೆಯ ಮೇಲೆ ತುಟಿ ಅಲ್ಲಾಡುವುದನ್ನು ನೋಡಿ ಮಕ್ಕಳೂ ತುಟಿ ಅಲ್ಲಾಡಿಸಿದರು. ಮಕ್ಕಳ ದನಿಯನ್ನೇ ಟೇಪಿನಲ್ಲಿ ಹಿಡಿದು ಅವರಿಗೇ ಕೇಳಿಸಿದೆ. ಇನ್ಸ್‌ಪೆಕ್ಷನ್ನಿಗೆ ಬಂದವರು ಅದನ್ನು ಕೇಳಿ, "ಹಳ್ಳಿ ಮಕ್ಕಳ ಬಾಯಲ್ಲಿ ಇಂಥ ಇಂಗ್ಲಿಷ್ ಬರ್ಸಿದೀರಲ್ಲಾ" ಎಂದು ಬೆನ್ನು ತಟ್ಟಿದರು. ನಲವತ್ತೈದು ಜನ ಒಟ್ಟಿಗೆ ಕೂಗುವಾಗ ಯಾರು ಹೇಳಿದರು, ಯಾರು ಬರೀ ಬಾಯಿ ಅಲ್ಲಾಡಿಸಿದರು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತು ವರ್ಷದಲ್ಲಿ ಒಂದು ಮಗುವಿಗೂ ನನ್ನ ಸ್ವಂತ ಬಾಯಿಂದ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಹಾಕಿದವನಲ್ಲ ನಾನು.

ಆಗ ಬಂದವಳು ಒಬ್ಬ ಹುಡುಗಿ. ಹುಲಿಕೆರೆಯವಳು, ನನ್ನಲ್ಲೇ ಹತ್ತನೇ ಕ್ಲಾಸು ಓದಿ ಹೋಗಿದ್ದವಳು, ಆಗಷ್ಟೇ ಪಿ.ಯು.ಸಿ. ಮುಗಿಸಿದ್ದಳು. ಅವಳ ತಾಯಿ ಹಳೇಬೀಡು ದೇವಸ್ಥಾನದ ಸುತ್ತಲಿನ ಹುಲ್ಲುಹಾಸಿನಲ್ಲಿ ಕಳೆ ಕೀಳುವ ದಿನಗೂಲಿ ಕೆಲಸದವರು. ಹುಡುಗಿ ಚಿಕ್ಕಂದಿನಿಂದ ರಜೆಯಿದ್ದಾಗಲೆಲ್ಲ ತಾಯಿಯ ಜೊತೆ ಬಂದು, ಗೈಡುಗಳ ಹಿಂದೆ ಹಿಂದೆ ಸುತ್ತಿ, ಯಾವ ಗೋಡೆಯಲ್ಲಿ ಯಾವ ವಿಗ್ರಹ, ಯಾವ ಮೂಲೆಯಲ್ಲಿ ಯಾವ ಕಥೆ ಎಂದು ಎಲ್ಲ ತಿಳಿದುಕೊಂಡಿದ್ದಳು. ಕನ್ನಡದಲ್ಲಿ ಹೇಳು ಎಂದರೆ ಕೈ ತಿರುಗಿಸುತ್ತಾ, ಕಣ್ಣರಳಿಸುತ್ತಾ, ನಮ್ಮ ಇತಿಹಾಸದ ಮೇಷ್ಟ್ರುಗಳು ನಾಚುವ ಹಾಗೆ ಹೇಳುತ್ತಿದ್ದಳು. ಇತಿಹಾಸ ಓದಿದ ನಾನೂ ನಾಚಿದ್ದೇನೆ.

"ಸಾರ್, ಬೇಲೂರಲ್ಲಿ ಗೈಡ್ ಟ್ರೈನಿಂಗ್‌ಗೆ ಆರಿಸ್ಕೋತಾರಂತೆ. ಇಂಗ್ಲಿಷಲ್ಲಿ ಮಾತಾಡ್ಸಿ ನೋಡ್ತಾರಂತೆ. ನೀವು ಹೇಳ್ಕೊಟ್ರೆ ಬತ್ತೈತೆ ಸಾರ್" ಎಂದಳು.

ಅವಳ ತಾಯಿಯೂ ಜೊತೆಗೆ ಬಂದಿದ್ದರು. ಬಾಗಿಲ ಹೊರಗೇ ನಿಂತು, "ಇದೊಂದು ನೋಡ್ಲಿ ಮೇಷ್ಟ್ರೇ. ಆಗ್ಲಿಲ್ಲ ಅಂದ್ರೆ ಹುಲ್ಲು ಕೀಳಕ್ಕೆ ನನ್ ಜೊತೇಲೇ ಹಚ್ತೀನಿ ಅಂತ ಹೇಳಿವ್ನಿ. ಸುಮ್ನೆ ಮನೇಲಿ ಕೂರ್ಸಿ ಇಟ್ಕಳಕ್ಕೆ ಆಯ್ತದಾ?" ಎಂದರು.

ಹುಡುಗಿ ಮಧ್ಯೆ ಬಾಯಿ ಹಾಕಿ, "ಗೈಡ್ ಆದ್ರೆ ನಿಂತ್ಕೊಂಡು ಕೆಲ್ಸ ಮಾಡ್ಬೋದು ಸಾರ್. ನಮ್ಮವ್ವನ ಮಂಡಿ ನೋಡಿ, ಕುಕ್ಕುರುಗಾಲಲ್ಲಿ ಕೂತು ಕೂತು ಹೋಗೇಬಿಟ್ಟೈತೆ" ಎಂದಳು. ತಾಯಿ ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನನಗೆ ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಮ್ಮ ಎಂದು ಹೇಳಲು ಅದು ಸರಿಯಾದ ಹೊತ್ತು. ಹಾಸನದಲ್ಲೋ ಬೇಲೂರಿನಲ್ಲೋ ಯಾರಾದರೂ ಸಿಗುತ್ತಿದ್ದರು. ಆದರೆ ಊರೆಲ್ಲ ನನ್ನನ್ನು ಇಂಗ್ಲಿಷ್ ಮೇಷ್ಟ್ರು ಎಂದು ಕರೆಯುತ್ತಿರುವಾಗ ಆ ಮಾತು ಬಾಯಿಂದ ಹೊರಡುವುದು ಹೇಗೆ? "ಅದಕ್ಕೇನಮ್ಮ, ಸಂಜೆ ಬಾ, ತಯಾರು ಮಾಡೋಣ" ಎಂದುಬಿಟ್ಟೆ.

ನನಗೊಂದು ಉಪಾಯ ಹೊಳೆಯಿತು, ಅದನ್ನು ಬಹಳ ದೊಡ್ಡ ಉಪಾಯವೆಂದೇ ತಿಳಿದಿದ್ದೆ. ಹಳೇಬೀಡಿನಲ್ಲಿ ಒಬ್ಬ ಹಳೆಯ ಗೈಡ್ ಪರಿಚಯವಿದ್ದರು. ಶಾಲೆಯ ಟೇಪನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರು ವಿದೇಶದವರಿಗೆ ದೇವಸ್ಥಾನ ತೋರಿಸುವಾಗ ಹಿಂದೆಯೇ ನಡೆದು ಎಲ್ಲವನ್ನೂ ಹಿಡಿದುಕೊಂಡು ಬಂದೆ. "ಏನ್ ಮೇಷ್ಟ್ರೇ, ನನ್ ಹೊಟ್ಟೆ ಮೇಲೆ ಹೊಡೀಬೇಕು ಅಂತಿದೀರಾ?" ಎಂದು ಅವರು ನಕ್ಕರು. ಒಟ್ಟು ನಲವತ್ತು ನಿಮಿಷ. ಗುಡ್ ಮಾರ್ನಿಂಗ್‌ನಿಂದ ಶುರುವಾಗಿ, ಕೆಳಗಿನ ಸಾಲು ಆನೆ ಎಂದರೆ ಬಲ, ಅದರ ಮೇಲೆ ಸಿಂಹ ಎಂದರೆ ಧೈರ್ಯ, ಅದರ ಮೇಲೆ ಕುದುರೆ ಎಂದರೆ ವೇಗ, ಹೀಗೆ ಥ್ಯಾಂಕ್ಯೂ ವೆರಿ ಮಚ್‌ವರೆಗೆ. ಮಧ್ಯೆ ಮಧ್ಯೆ "ಪ್ಲೀಸ್ ಕಮ್ ದಿಸ್ ಸೈಡ್", "ವಾಚ್ ಯುವರ್ ಹೆಡ್".

ಹುಡುಗಿ ಎರಡು ತಿಂಗಳು ಸಂಜೆ ಸಂಜೆ ಬಂದಳು. ನಾನು ಟೇಪಿನ ಗುಂಡಿ ಒತ್ತುತ್ತಿದ್ದೆ, ಅವಳು ಹೇಳುತ್ತಿದ್ದಳು. ಅವಳ ನೆನಪಿನ ಶಕ್ತಿ ಅಂಥಿಂಥದ್ದಲ್ಲ. ನಾಲ್ಕನೇ ವಾರಕ್ಕೆ ಟೇಪೇ ಬೇಕಾಗಲಿಲ್ಲ. ಗೈಡು ಎಲ್ಲಿ ಕೆಮ್ಮಿದರೋ ಅಲ್ಲಿ ಇವಳೂ ಒಂದು ಗಳಿಗೆ ನಿಲ್ಲುತ್ತಿದ್ದಳು. "ಪ್ಲೀಸ್ ಕಮ್ ದಿಸ್ ಸೈಡ್" ಬಂದಾಗ ನನ್ನ ಕ್ಲಾಸ್ ರೂಮಿನಲ್ಲೇ ಎಡಕ್ಕೆ ಎರಡು ಹೆಜ್ಜೆ ಹಾಕಿ ಕೈ ತೋರಿಸುತ್ತಿದ್ದಳು. ಒಂದೇ ತೊಂದರೆ. ನಡುವೆ ಎಲ್ಲಾದರೂ ತಡೆದರೆ, ಅಲ್ಲಿಂದ ಮುಂದಕ್ಕೆ ಹೋಗಲು ಅವಳಿಗೆ ಆಗುತ್ತಿರಲಿಲ್ಲ. ಮತ್ತೆ ಗುಡ್ ಮಾರ್ನಿಂಗ್‌ನಿಂದ ಹಿಡಿಯಬೇಕು. ಅದಕ್ಕೆ ನಾನು ಕಂಡುಕೊಂಡ ಪರಿಹಾರವೆಂದರೆ ಅವಳನ್ನು ತಡೆಯದೇ ಇರುವುದು.

ಒಂದು ದಿನ ಅವಳೇ ಕೇಳಿದಳು. "ಸಾರ್, ಅವ್ರು ಬೇರೆ ಏನಾದ್ರೂ ಕೇಳಿದ್ರೆ? ನೀವು ಒಂದ್ಸಲ ಇಂಗ್ಲಿಷಲ್ಲಿ ಕೇಳಿ ಸಾರ್, ನಾನು ಹೇಳಕ್ಕೆ ನೋಡ್ತೀನಿ."

"ಮೊದ್ಲು ಇದು ಗಟ್ಟಿಯಾಗ್ಲಿ ಕಣಮ್ಮ" ಎಂದೆ ನಾನು. ಅದು ಕಲ್ಲಿನಷ್ಟು ಗಟ್ಟಿಯಾಗಿತ್ತು.

ಆಯ್ಕೆಯ ದಿನ ಬೆಳಿಗ್ಗೆ ಹಳೇಬೀಡಿನಿಂದ ಬೇಲೂರಿನ ಬಸ್ಸು ಹಿಡಿದೆವು. ತಾಯಿ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ, ನಾನೇ ರಜೆ ಹಾಕಿ ಜೊತೆಗೆ ಹೊರಟಿದ್ದೆ. ಹುಡುಗಿಯದು ಹಳದಿ ಚೂಡಿದಾರ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಅಲ್ಲಿ ಒಂದು ಕಚೇರಿಯ ಮೊಗಸಾಲೆಯಲ್ಲಿ ಇಪ್ಪತ್ತು ಮೂವತ್ತು ಜನ ಕಾಯುತ್ತಿದ್ದರು, ಹೆಚ್ಚಿನವರು ಗಂಡುಹುಡುಗರು. ಒಳಗೆ ಮೂವರು ಕೂತಿದ್ದರು: ಇಬ್ಬರು ಗಂಡಸರು, ಮತ್ತು ಕನ್ನಡಕ ಹಾಕಿದ ಒಬ್ಬರು ವಯಸ್ಸಾದ ಮೇಡಂ. ಬಾಗಿಲು ತೆರೆದೇ ಇತ್ತು. ನಾನು ಎದುರಿನ ಬೆಂಚಿನ ಮೇಲೆ ಕೂತಿದ್ದೆ, ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು.

ಹುಡುಗಿ ಶುರು ಮಾಡಿದಳು. ಅಡೆತಡೆಯಿಲ್ಲದೆ, ಸ್ಪಷ್ಟವಾಗಿ. ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗ, "ಇವ್ಳು ಆದ್ಳು ಬಿಡಿ" ಎಂದ. ಸತ್ಯ ಹೇಳಬೇಕೆಂದರೆ ಆ ಎರಡು ನಿಮಿಷ ನನ್ನ ಜೀವಮಾನದಲ್ಲೇ ನನಗೆ ಅತ್ಯಂತ ಹೆಮ್ಮೆಯಾದ ಹೊತ್ತು.

ಆಮೇಲೆ ಮೇಡಂ ಕೈಯೆತ್ತಿ ತಡೆದು, ಈ ವಿಗ್ರಹಗಳಲ್ಲಿ ನಿನಗೆ ತುಂಬ ಇಷ್ಟವಾದದ್ದು ಯಾವುದು, ಏಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗಿ ನಿಂತಳು. "ಗುಡ್ ಮಾರ್ನಿಂಗ್ ಲೇಡೀಸ್ ಅಂಡ್ ಜೆಂಟಲ್‌ಮೆನ್" ಎಂದು ಮೊದಲಿನಿಂದ ಹಿಡಿದಳು. ಅವರು ಮತ್ತೆ ತಡೆದು, ಇವತ್ತು ಊರಿಂದ ಹೇಗೆ ಬಂದೆ ಎಂದರು. ಮತ್ತೆ ಗುಡ್ ಮಾರ್ನಿಂಗ್. ಮೂರನೇ ಸಲ ಏನು ಕೇಳಿದರೋ, ಗಾಬರಿಯಲ್ಲಿ ಹುಡುಗಿ "ಪ್ಲೀಸ್ ಕಮ್ ದಿಸ್ ಸೈಡ್, ವಾಚ್ ಯುವರ್ ಹೆಡ್" ಎನ್ನುತ್ತಾ ಎಡಕ್ಕೆ ಎರಡು ಹೆಜ್ಜೆ ಹಾಕಿ ಬೀರುವಿನ ಕಡೆ ಕೈ ತೋರಿಸಿದಳು. ಗಂಡಸರಲ್ಲಿ ಒಬ್ಬರು ನಗು ತಡೆಯಲಾರದೆ ಕರವಸ್ತ್ರ ತೆಗೆದರು. ಮೊಗಸಾಲೆಯಲ್ಲಿದ್ದ ಹುಡುಗರು ತಡೆಯಲೂ ಇಲ್ಲ.

ಮೇಡಂ ಒಳ್ಳೆಯವರು. ನಗಲಿಲ್ಲ. "ಹೆದರ್ಕೋಬೇಡಮ್ಮ. ಜೊತೇಲಿ ಯಾರು ಬಂದಿದ್ದಾರೆ?" ಎಂದು ಕನ್ನಡದಲ್ಲೇ ಕೇಳಿದರು.

"ನಮ್ಮ ಇಂಗ್ಲಿಷ್ ಸಾರ್."

"ಹಾಗಾದ್ರೆ ಅವರೇ ಬರ್ಲಿ. ನೀವೇ ಏನಾದ್ರೂ ಇಂಗ್ಲಿಷಲ್ಲಿ ಮಾತಾಡ್ಸಿ ಸಾರ್. ನಿಮ್ಮ ಹತ್ರ ಆದ್ರೆ ಭಯ ಇಲ್ದೆ ಹೇಳ್ತಾಳೆ."

ನಾನು ಒಳಗೆ ಹೋಗಿ ನಿಂತೆ. ಕೇಳಲು ಏನಿತ್ತು? ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೂ ಸಾಕಿತ್ತು. ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಸಾವಿರ ಸಲ ಬರೆದವನು ನಾನು. ಮನಸ್ಸಿನಲ್ಲಿ ವಾಕ್ಯ ಸಿದ್ಧವಾಯಿತು. ಅದನ್ನು ತಿದ್ದಿದೆ. ತಿದ್ದಿದ್ದು ಸರಿಯೇ ಎಂದು ಅನುಮಾನ ಬಂತು. ಓದಿಕೊಂಡವರಂತೆ ಕಾಣುವ ಮೂವರ ಮುಂದೆ ತಪ್ಪಾದರೆ? ಹೊರಗಿನ ಹುಡುಗರು ಬಾಗಿಲಿಗೇ ಬಂದು ನಿಂತಿದ್ದರು. ನಾಲಗೆ ಏಳಲಿಲ್ಲ.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮೊದಲು ಆಸೆಯಿಂದ ನೋಡುತ್ತಿದ್ದಳು, ಈಗ ಸಾರ್ ಕೇಳುತ್ತಾರೆ, ನಾನು ಹೇಳುತ್ತೇನೆ ಎಂದು. ಸ್ವಲ್ಪ ಹೊತ್ತಿಗೆ ಆ ನೋಟ ಬದಲಾಯಿತು. ಎರಡು ತಿಂಗಳು ನಾನು ಏಕೆ ಬರೀ ಗುಂಡಿ ಒತ್ತಿದೆ ಎಂಬುದು ಅವಳಿಗೆ ಆಗ ತಿಳಿಯಿತು. ಅವಳಿಗೆ ತಿಳಿಯಿತೆಂಬುದು ನನಗೂ ತಿಳಿಯಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅವಳು ಮೇಡಂ ಕಡೆ ತಿರುಗಿದಳು. "ಮೇಡಂ, ಅವರ್ ಸಾರ್ ಥ್ರೋಟ್ ನಾಟ್ ಗುಡ್. ಮಾರ್ನಿಂಗ್ ಇನ್ ಬಸ್ ಫುಲ್ ಪೇನ್. ಸೋ ನೋ ಟಾಕಿಂಗ್. ಸಾರಿ ಮೇಡಂ" ಎಂದಳು.

ಮೇಡಂ ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಗಂಟಲು ಮುಟ್ಟಿಕೊಂಡೆ. ಮುಟ್ಟಿಕೊಂಡದ್ದಷ್ಟೇ ಅಲ್ಲ, ಎರಡು ಸಲ ಕೆಮ್ಮಿದೆ. "ಅಯ್ಯೋ, ಬಿಸಿನೀರು ಕುಡೀರಿ ಸಾರ್" ಎಂದರು ಅವರು. ಕಾಗದದ ಮೇಲೆ ಏನೋ ಬರೆದು ಮುಂದಿನವರನ್ನು ಕರೆದರು.

ವಾಪಸ್ಸು ಹಳೇಬೀಡಿಗೆ ಹಗರೆಯ ಮೇಲೆ ಹೋಗುವ ಬಸ್ಸು ಹತ್ತಿದೆವು. ಅಲ್ಲಿ ಹಾಲಿನ ಕ್ಯಾನು ಇಳಿಸಲೆಂದು ಬಸ್ಸು ನಿಂತಾಗ ನನಗೆ ಒಂದು ವಿಷಯ ತಲೆಗೆ ಹೊಕ್ಕಿತು, ಹೊಕ್ಕ ಮೇಲೆ ಇವತ್ತಿನವರೆಗೂ ಹೊರಗೆ ಹೋಗಿಲ್ಲ. ಆ ಹುಡುಗಿ ಅಲ್ಲಿ ಇಂಗ್ಲಿಷ್ ಮಾತನಾಡಿದ್ದಳು. ಅದು ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ನಿಂತ ನಿಲುವಿನಲ್ಲಿ, ಅಷ್ಟು ಜನರ ಮುಂದೆ, ಒಬ್ಬರ ಮಾನ ಉಳಿಸಲೆಂದು ತಾನೇ ಕಟ್ಟಿದ ಮಾತು. ಗೈಡ್ ಕೆಲಸಕ್ಕೆ ಇದಕ್ಕಿಂತ ಇನ್ನೇನು ಬೇಕು? ಅವರು ಅದನ್ನು ಗಮನಿಸಲಿಲ್ಲ, ನಿಜವಾದ ಗಂಟಲುನೋವು ಎಂದುಕೊಂಡು ಸುಮ್ಮನಾದರು. ಅದು ಅವಳ ಸ್ವಂತ ಮಾತು ಎಂದು ಸಾಕ್ಷಿ ಹೇಳಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಕನ್ನಡದಲ್ಲೇ ಹೇಳಬಹುದಿತ್ತು: ಮೇಡಂ, ನನ್ನ ಗಂಟಲು ಚೆನ್ನಾಗಿದೆ, ನನಗೆ ಇಂಗ್ಲಿಷ್ ಮಾತನಾಡಲು ಬರುವುದಿಲ್ಲ, ಈ ಹುಡುಗಿಗೆ ಬರುತ್ತದೆ, ಈಗ ತಾನೇ ಮಾತನಾಡಿದಳು ನೋಡಿ. ಅದನ್ನು ಹೇಳುವ ಬದಲು ಕೆಮ್ಮಿ ಬಂದಿದ್ದೆ.

ವಾಪಸ್ಸು ಹೋಗಬಹುದಿತ್ತು. ಸಂಜೆಯವರೆಗೆ ಅವರು ಅಲ್ಲೇ ಇರುತ್ತಿದ್ದರು. ಹಗರೆಯಲ್ಲಿ ಇಳಿದು ಎದುರಿನ ಬಸ್ಸು ಹತ್ತಿದ್ದರೆ ಅರ್ಧ ಗಂಟೆಯೊಳಗೆ ಬೇಲೂರು. ಚೀಲ ಕೈಗೆ ತೆಗೆದುಕೊಂಡೆ ಕೂಡ. "ಇಳೀತೀರಾ ಸಾರ್?" ಎಂದು ಹುಡುಗಿ ಕೇಳಿದಳು. "ಇಲ್ಲಮ್ಮ, ಹಂಗೇ" ಎಂದು ಚೀಲವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸು ಹೊರಟಿತು.

"ನೀವು ಬೇಜಾರ್ ಮಾಡ್ಕೋಬೇಡಿ ಸಾರ್" ಎಂದಳು ಅವಳು ಹಳೇಬೀಡಿನಲ್ಲಿ ಇಳಿಯುವಾಗ. ಬೇಜಾರು ಮಾಡಿಕೊಳ್ಳಬೇಕಾಗಿದ್ದವಳು ಅವಳು.

ಎರಡು ವಾರಕ್ಕೆ ಪಟ್ಟಿ ಬಂತು. ಅವಳ ಹೆಸರು ಇರಲಿಲ್ಲ. ಗೆಂಡೆಹಳ್ಳಿ ಕಡೆಯ ಒಬ್ಬ ಹುಡುಗನ ಹೆಸರು ಇತ್ತು, ಅವತ್ತು ನನ್ನ ಪಕ್ಕ ಬೆಂಚಿನ ಮೇಲೆ ಕೂತಿದ್ದವನೇ. ನಮಗಿಂತ ಮೊದಲೇ ಒಳಗೆ ಹೋಗಿ ಬಂದಿದ್ದ ಅವನ ಇಂಗ್ಲಿಷ್ ನಾನು ಕೇಳಿದ್ದೆ. ಒಂದು ವಾಕ್ಯಕ್ಕೆ ಮೂರು ತಪ್ಪು. ಆದರೆ ಕೇಳಿದ್ದಕ್ಕೆಲ್ಲ ನಗುತ್ತಾ ಏನಾದರೊಂದು ಹೇಳಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ. ಪಟ್ಟಿ ನೋಡಿದ ಮೇಲೂ ಮಾರನೆಯ ದಿನ ನಾನು ಕ್ಲಾಸಿಗೆ ಹೋಗಿ ಟೇಪಿನ ಗುಂಡಿ ಒತ್ತಿದೆ. ಅದನ್ನು ಬಿಟ್ಟರೆ ನನ್ನ ಬಳಿ ಬೇರೆ ಏನೂ ಇರಲಿಲ್ಲ.

ಮುಂದಿನ ವರ್ಷ ಎಂಟನೇ ಕ್ಲಾಸಿನ ಮಕ್ಕಳನ್ನು ಹಳೇಬೀಡು ನೋಡಲು ಕರೆದುಕೊಂಡು ಹೋದೆವು. ಹತ್ತು ಹೆಜ್ಜೆ ದೂರದಲ್ಲಿದ್ದಾಗಲೇ ಅವಳನ್ನು ಗುರುತಿಸಿದೆ. ಹುಲ್ಲುಹಾಸಿನ ಮೇಲೆ ಎಂಟು ಹತ್ತು ಹೆಂಗಸರು ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು, ತಾಯಿಯ ಪಕ್ಕದಲ್ಲಿ ಅವಳು. ಕೈಯಲ್ಲಿ ಸಣ್ಣ ಕುಡುಗೋಲು, ತಲೆಗೆ ಸುತ್ತಿದ ಟವಲು. ಅವರ ಹಿಂದೆಯೇ ಒಬ್ಬ ಗೈಡ್ ಒಂದು ಗುಂಪಿಗೆ ಆನೆಯ ಸಾಲು ತೋರಿಸುತ್ತಿದ್ದ. ನನಗೆ ಬೇರೆ ಕಡೆಯಿಂದ ಹೋಗಿಬಿಡೋಣ ಎನ್ನಿಸಿತು. ಆದರೆ ಅವಳು ಆಗಲೇ ನೋಡಿ, ಎದ್ದು, ಕೈಯ ಮಣ್ಣು ಒರೆಸಿಕೊಂಡು ನಮಸ್ಕಾರ ಮಾಡಿದಳು.

"ಚೆನ್ನಾಗಿದೀರಾ ಸಾರ್?"

"ಹೂಂ ಕಣಮ್ಮ. ನೀನು?"

"ಇದೀನಿ ಸಾರ್."

ಮಕ್ಕಳು ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದರು. ಅವಳು ಅವರ ಕಡೆ ತಿರುಗಿ, "ನಾನೂ ಇವ್ರ ಹತ್ರನೇ ಇಂಗ್ಲಿಷ್ ಕಲ್ತಿದ್ದು ಕಣ್ರೋ. ಸಾರ್ ಚೆನ್ನಾಗಿ ಹೇಳ್ಕೊಡ್ತಾರೆ. ನನ್ ತಲೆಗೇ ಹತ್ಲಿಲ್ಲ ಅಷ್ಟೆ. ನೀವಾದ್ರೂ ಗಮನ ಕೊಟ್ಟು ಕಲ್ತ್ಕೊಳ್ರಿ" ಎಂದಳು.

ಅವಳ ಮುಖದಲ್ಲಿ ಎಲ್ಲಾದರೂ ಅಣಕವಿದೆಯೇ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಇಲ್ಲಮ್ಮ, ನಿನ್ನದೇನೂ ತಪ್ಪಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅದು ಅಚ್ಚಕನ್ನಡದ ಮಾತು, ಅದರಲ್ಲಿ ತಪ್ಪಾಗುವ ಭಯವೂ ಇರಲಿಲ್ಲ. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. "ಕೇಳಿಸ್ತೇನ್ರೋ ಅಕ್ಕ ಹೇಳಿದ್ದು?" ಎಂದೆ. "ಯೆಸ್ ಸಾರ್" ಎಂದು ನಲವತ್ತು ಮಕ್ಕಳು ಒಟ್ಟಿಗೆ ಕೂಗಿದರು. ಅವಳು ಮತ್ತೆ ತಾಯಿಯ ಪಕ್ಕ ಕೂತು ಕಳೆ ಕೀಳತೊಡಗಿದಳು.